ಕಾಡಿನ ಚಿತ್ರಕ್ಕೆ 12 ಟ್ಯೂಬಿನ ಜಲವರ್ಣ ಸೆಟ್ ಸಾಕೇ?

ಕಲಿಯುವವರಿಗೆಂದೇ ಮಾಡಿದ ವಿದ್ಯಾರ್ಥಿ ದರ್ಜೆಯ ಸೆಟ್ಟು ಕಾಡಿಗೆ ಸಾಕು. ಆದರೆ ಅದರ ನಿಜವಾದ ಬಲ ಹಸಿರು ಟ್ಯೂಬುಗಳಲ್ಲಿಲ್ಲ. ಅಲ್ಟ್ರಾಮರೀನ್ ನೀಲಿ, ನಿಂಬೆ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನಾ (ಕೆಂಪು ಛಾಯೆಯ ಕಂದು) ಇದ್ದರೆ ಮುಕ್ಕಾಲು ಕೆಲಸ ಆದಂತೆ.

ಗಾಢ ಹಸಿರಿನ ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪಿಜಿ 7 ಎಂಬ ವರ್ಣದ್ರವ್ಯದ ಸಂಕೇತ ಇದ್ದರೆ ಅದು ಥ್ಯಾಲೋ ಹಸಿರು. ವಿಪರೀತ ಜೋರಿನ ಬಣ್ಣ, ಹಾಗೇ ಹಚ್ಚಿದರೆ ಎಲೆಗಳು ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ. ಮೂರು ಪಾಲು ಬರ್ನ್ಟ್ ಸಿಯೆನಾಗೆ ಇದನ್ನು ಒಂದು ಪಾಲು ಬೆರೆಸಿ ನೋಡಿ: ಮರದಡಿಯ ನೆರಳಿಗೆ ಬೇಕಾದ ಕಪ್ಪು ಹಸಿರು ಸಿಗುತ್ತದೆ. ಕಪ್ಪು ಟ್ಯೂಬನ್ನು ಮುಚ್ಚಿಯೇ ಇಡಿ, ಅದನ್ನು ಬೆರೆಸಿದ್ದೆಲ್ಲ ಕಳೆಗುಂದುತ್ತದೆ. ಕಾಂಡಕ್ಕೆ ಅಲ್ಟ್ರಾಮರೀನ್ ಮತ್ತು ಸಿಯೆನಾ ಸಮಪಾಲು ಸಾಕು.

ಆಳ ಬರುವುದು ಪದರಗಳಿಂದ. ದೂರದ ಮರಗಳಿಗೆ ಒದ್ದೆ ಕಾಗದದ ಮೇಲೆ ತೆಳು ಅಲ್ಟ್ರಾಮರೀನ್, ಅದರಲ್ಲಿ ಚೂರೇ ಚೂರು ಸಿಯೆನಾ, ಅಂಚು ಮಸುಕಾಗಲಿ. ನಡುವಿನ ಸಾಲಿಗೆ ಅದೇ ನೀಲಿಗೆ ಓಕರ್. ಹತ್ತಿರದ ಮರಗಳಲ್ಲಿ ಬಿಸಿಲು ಬಿದ್ದ ಎಲೆಗಳ ಹಳದಿಯನ್ನು ಮೊದಲೇ ಹಚ್ಚಿ ಒಣಗಿಸಿ, ಆಮೇಲೆ ಅದರ ಸುತ್ತ ದಟ್ಟ ನೆರಳು. ಎಲೆಗಳ ನಡುವಿನ ಆಕಾಶದ ಕಿಂಡಿಗಳು ಬಯಲಿನ ಆಕಾಶಕ್ಕಿಂತ ತುಸು ಮಂಕಾಗಿರಬೇಕು, ಇಲ್ಲದಿದ್ದರೆ ಮರಕ್ಕೆ ತೂತು ಕೊರೆದಂತೆ ಕಾಣುತ್ತದೆ.

ಹೆಚ್ಚಾಗಿ ಕೆಡುವುದು ಪದರಗಳ ನಡುವೆ. ಅರೆ ಒಣಗಿದ ಬಣ್ಣದ ಮೇಲೆ ನೀರು ಹೆಚ್ಚಿದ ಕುಂಚ ಇಟ್ಟರೆ ಹೊಸ ನೀರು ಹಳೆ ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಅಂಚು ಕಟ್ಟುತ್ತದೆ. ಬೆರಳ ಹಿಂಬದಿಯಿಂದ ಕಾಗದ ಮುಟ್ಟಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ವಿದ್ಯಾರ್ಥಿ ದರ್ಜೆಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಕಣ್ಣಿಗೆ ಸರಿ ಎನಿಸಿದ್ದಕ್ಕಿಂತ ಒಂದು ಮಟ್ಟ ಗಾಢವಾಗಿಯೇ ಬೆರೆಸಿ.

ಸೆಟ್ಟಿನ ಜೊತೆ ಬರುವ ಸಣ್ಣ ಕುಂಚ ಕೊಂಬೆ ರೆಂಬೆಗೆ ಮಾತ್ರ. ದೊಡ್ಡ ಪದರಕ್ಕೆ 12ನೇ ನಂಬರಿನ ದುಂಡು ಕುಂಚ ಬೇಕೇ ಬೇಕು. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ; ತೆಳುವಾದದ್ದು ಉಬ್ಬಿ, ಬಣ್ಣ ತಗ್ಗುಗಳಲ್ಲಿ ನಿಲ್ಲುತ್ತದೆ.

ಮೊದಲು ಖಾಲಿಯಾಗುವುದು ನೀಲಿ ಮತ್ತು ಸಿಯೆನಾ. ಆಗ ಇನ್ನೊಂದು ಸೆಟ್ ಕೊಳ್ಳಬೇಡಿ. ಕಲಾವಿದ ದರ್ಜೆಯ ಆ ಎರಡೇ ಟ್ಯೂಬು ತನ್ನಿ. ನೀಲಿಯ ಮೇಲೆ ಅಲ್ಟ್ರಾಮರೀನ್‌ನ ಸಂಕೇತವಾದ ಪಿಬಿ 29 ಎಂದಿದೆಯೇ ನೋಡಿಕೊಳ್ಳಿ.