ಅಟ್ಟದ ಮೇಲಿಟ್ಟ ಶೂ ಹಾಕಿಕೊಂಡು ಹಿಮಕ್ಕೆ ಹೋಗಬೇಡಿ

ಡಿಸೆಂಬರ್ ಬಂತೆಂದರೆ ಈಗ ನಮ್ಮ ಹುಬ್ಬಳ್ಳಿ-ಧಾರವಾಡದಿಂದಲೂ ಜನ ಹಿಮದ ಟ್ರೆಕ್ಕಿಗೆ ಉತ್ತರಾಖಂಡಕ್ಕೆ ಹೊರಡುತ್ತಾರೆ. ಹೊರಡುವವರು ದಯವಿಟ್ಟು ಇದನ್ನು ಓದಿ. ಹೋದ ಜನವರಿಯಲ್ಲಿ ಅಲ್ಲಿನ ಕೇದಾರಕಂಠ ಶಿಖರದ ಹಾದಿಯಲ್ಲಿ ನನ್ನ ಶೂ ಸೋಲ್ ಕಿತ್ತು ಬಂತು. ಎಡಗಾಲಿನ ಎರಡು ಬೆರಳು ಮರಗಟ್ಟಿದವು.

ಶೂ ನಮ್ಮ ಸೋದರಮಾವನದು. ಒಳ್ಳೆಯ ಕಂಪನಿಯದೇ. ಏಳೆಂಟು ವರ್ಷದ ಹಿಂದೆ ತಗೊಂಡು, ಒಂದೇ ಸಲ ಹಾಕಿ, ಧಾರವಾಡದ ಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿ ಇಟ್ಟಿದ್ದರು. "ಸುಮ್ನ ರೊಕ್ಕಾ ಯಾಕ ಹಾಕ್ತೀಯವಾ, ಹೊಸಾದ್ ಇದ್ದಂಗ ಐತಿ, ತಗೊಂಡ್ ಹೋಗು" ಅಂದರು. ನೋಡಲು ನಿಜಕ್ಕೂ ಹೊಸದರಂತೆಯೇ ಇತ್ತು. ಲೇಸ್ ಕೂಡ ಮಾಸಿರಲಿಲ್ಲ. ಎರಡು ಸಂಜೆ ಕೆಲಗೇರಿ ಕೆರೆ ದಂಡೆಯ ಮೇಲೆ ಓಡಾಡಿದೆ, ಎಲ್ಲೂ ಒತ್ತಲಿಲ್ಲ. ಅಷ್ಟು ಸಾಕು ಅಂದುಕೊಂಡೆ.

ಹಾದಿ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಹತ್ತುವಾಗ ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಜೂಡಾ ಕಾ ತಾಲಾಬ್ ಎಂಬ ಕೆರೆ ದಾಟಿದ ಮೇಲೆ ಹಿಮ ಜಾಸ್ತಿಯಾಯಿತು. ಶೂ ಕೆಳಗೆ ಸ್ಪೈಕ್ ಹಾಕಿಕೊಂಡೆವು. ಸ್ಪೈಕ್ ಅಂದರೆ ಮುಳ್ಳಿರುವ ಚೈನು, ಸುತ್ತಲೂ ರಬ್ಬರ್ ಪಟ್ಟಿ ಇರುತ್ತದೆ, ಎಳೆದು ಶೂಗೆ ಸಿಕ್ಕಿಸಬೇಕು. ಸ್ವಲ್ಪ ಹೊತ್ತಿಗೆ ಎಡಗಾಲು ಒದ್ದೆ ಅನ್ನಿಸಿತು. ನಡೆಯುತ್ತಲೇ ಇದ್ದೆ. ಕ್ಯಾಂಪಿನಲ್ಲಿ ಸ್ಪೈಕ್ ಬಿಚ್ಚಿದಾಗ ಸೋಲ್ ಅದರ ಜೊತೆಗೇ ಬಂತು. ಅಷ್ಟು ಹೊತ್ತು ಅದನ್ನು ಹಿಡಿದಿಟ್ಟಿದ್ದು ಆ ರಬ್ಬರ್ ಪಟ್ಟಿ! ಸೋಲ್ ಮತ್ತು ಶೂ ನಡುವಿನ ಫೋಮ್ ಬೆರಳಿಗೆ ತಾಗಿದರೆ ಒಣ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರುತ್ತಿತ್ತು.

ಕಾಲುಚೀಲವೂ ಹತ್ತಿಯದು. ಅದೂ ಒಂದರ ಮೇಲೊಂದು ಎರಡು ಹಾಕಿದ್ದೆ. ತೆಗೆದು ನೋಡಿದರೆ ಕಿರುಬೆರಳು, ಅದರ ಪಕ್ಕದ್ದು ಮೇಣದಂತೆ ಬೆಳ್ಳಗಾಗಿದ್ದವು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ನಾನು ಗಾಬರಿಯಲ್ಲಿ ಉಜ್ಜಲು ಹೋದೆ. ಗೈಡ್ ಕೈ ಹಿಡಿದು ತಡೆದ. ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು, ಚರ್ಮಕ್ಕೆ ಸ್ಪರ್ಶವೇ ಇರುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ ಅಂದ. ಆಮೇಲೆ ತನ್ನ ಜಾಕೆಟ್ ಜಿಪ್ ತೆಗೆದು ನನ್ನ ಪಾದವನ್ನು ಹೊಟ್ಟೆಗೆ ಒತ್ತಿಕೊಂಡು ಕೂತ. ಇಪ್ಪತ್ತೈದಿರಬಹುದು ಆ ಹುಡುಗನ ವಯಸ್ಸು. ಅರ್ಧ ಗಂಟೆಗೆ ಬೆರಳು ಕೆಂಪಾಗಿ ಉರಿಯತೊಡಗಿತು. ಆ ಉರಿ ಬಂದಾಗ ನನಗೆ ಅಳು ಬಂತು. ರಾತ್ರಿ ಉಳಿದವರು ಸುಮಾರು 12,500 ಅಡಿಯ ತುದಿಗೆ ಹೊರಟರು, ನಾನು ಟೆಂಟಿನಲ್ಲೇ ಉಳಿದೆ. ಮರುದಿನ ಸುತಳಿ ಸುತ್ತಿದ ಶೂನಲ್ಲಿ ಮೆಲ್ಲಗೆ ಇಳಿದೆ.

ಊರಿಗೆ ಬಂದು ಸುಭಾಸ ರೋಡಿನ ಹತ್ತಿರ ಶೂ ರಿಪೇರಿ ಮಾಡುವ ಕಾಕಾ ಅವರಿಗೆ ತೋರಿಸಿದೆ. ಬರೀ ಸಲ್ಯೂಷನ್ ಬಿಟ್ಟಿರಬೇಕು ಅಂದುಕೊಂಡಿದ್ದೆ. ಅವರು ಉಗುರಿನಿಂದ ಕೆರೆದು, "ಅಂಟಿಸಾಕ ಏನೂ ಉಳದಿಲ್ಲವಾ, ನಡಕಿನ ಮಾಲ ಹೋಗೈತಿ" ಅಂದರು. ಅವರು ಹೇಳಿದ್ದು ಸರಿ. ಬಹಳಷ್ಟು ಟ್ರೆಕ್ಕಿಂಗ್ ಶೂಗಳಲ್ಲಿ ನಡುವೆ ಪಾಲಿಯುರಿಥೇನ್ ಫೋಮ್ ಇರುತ್ತದೆ. ಗಾಳಿಯ ತೇವ ಅದರೊಳಗೆ ಸೇರಿ ವರ್ಷಗಟ್ಟಲೆ ಅದನ್ನು ಒಡೆಯುತ್ತಾ ಹೋಗುತ್ತದೆ. ಹಾಕದೆ ಇಟ್ಟರೆ ಉಳಿಯುತ್ತದೆ ಅನ್ನುವುದು ತಪ್ಪು. ಮುಚ್ಚಿದ ಡಬ್ಬಿಯಲ್ಲಿ, ನಮ್ಮ ಧಾರವಾಡದ ಮಳೆಗಾಲದ ತೇವದಲ್ಲಿ ಅದು ಇನ್ನೂ ಬೇಗ ಸಾಯುತ್ತದೆ. ಮೇಲಿನ ಚರ್ಮ ಮಾತ್ರ ಹೊಸದಾಗೇ ಕಾಣುತ್ತದೆ. ಇವಿಎ ಎಂಬ ಇನ್ನೊಂದು ಬಗೆಯ ಫೋಮ್ ಹೀಗೆ ಪುಡಿಯಾಗುವುದಿಲ್ಲ, ಆದರೆ ಅದನ್ನು ಅಂಟಿಸಿದ ಗೋಂದು ಬಿಡಬಹುದು.

ಹಾಗಾಗಿ ಹಳೇ ಶೂ ಇದ್ದರೆ ನಡುವಿನ ಫೋಮನ್ನು ಹೆಬ್ಬೆರಳಿನ ಉಗುರಿನಿಂದ ಜೋರಾಗಿ ಒತ್ತಿ ನೋಡಿ. ಶೂ ಬಗ್ಗಿಸಿಯೂ ನೋಡಿ. ಉಗುರು ಒಳಗೆ ಹೋದರೆ, ಇಲ್ಲವೇ ಬಿರುಕು ಕಂಡರೆ ಬಿಟ್ಟುಬಿಡಿ. ಭಾರೀ ಡಿಸ್ಕೌಂಟಿನಲ್ಲಿ ಸಿಗುವ ಹಳೇ ಸ್ಟಾಕಿಗೂ ಇದೇ ಮಾತು. ಡಬ್ಬಿಯ ಮೇಲೆ ಎಂಆರ್‌ಪಿ ಇರುವ ಲೇಬಲ್‌ನಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಓದಿ. ಹೊಸ ಶೂ ತಗೊಳ್ಳಲು ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಉಣ್ಣೆ ಕಾಲುಚೀಲ ಮನೆಯಿಂದಲೇ ಒಯ್ದು, ಅದರ ಮೇಲೆ ಹಾಕಿ ನೋಡಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಬಡಿದು ಕಪ್ಪಾಗುತ್ತವೆ. ಬಿಗಿ ಶೂನಲ್ಲಿ ಎರಡು ಕಾಲುಚೀಲ ತುರುಕಿದರೆ ರಕ್ತ ಓಡಾಡುವುದಿಲ್ಲ, ಚಳಿ ಇನ್ನೂ ಹೆಚ್ಚುತ್ತದೆ. ನನಗೆ ಆಗಿದ್ದರಲ್ಲಿ ಅದರ ಪಾಲೂ ಇದೆ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಉಣ್ಣೆ ಒದ್ದೆಯಲ್ಲೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಸ್ಪೈಕ್, ಗೇಟರ್ (ಹಿಮ ಶೂ ಒಳಗೆ ಹೋಗದಂತೆ ಕಣಕಾಲಿಗೆ ಸುತ್ತುವ ಹೊದಿಕೆ) ಎರಡೂ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಅದಕ್ಕೆ ಚಿಂತೆ ಬೇಡ.

ಹೋದ ವಾರ ಗದಗಿನ ಗೆಳತಿ ಫೋನ್ ಮಾಡಿದ್ದಳು. ಅವಳೂ ಈ ಡಿಸೆಂಬರಿನಲ್ಲಿ ಹೊರಟಿದ್ದಾಳೆ, ಅಣ್ಣನ ಹಳೇ ಶೂ ಇದೆಯಂತೆ. ಫೋನ್ ಇಡಬೇಡ, ಈಗಲೇ ಉಗುರಿನಿಂದ ಒತ್ತು ಅಂದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಉಗುರು ಒಳಗ ಹೋತು ನೋಡ" ಅಂದಳು. ಈಗ ಹೊಸದು ತಗೊಂಡಿದ್ದಾಳೆ. ದಿನಾ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಭೀಷ್ಮ ಕೆರೆ ಸುತ್ತ ನಡೆಯುತ್ತಾಳೆ, ಬರುವ ಭಾನುವಾರ ಕಪ್ಪತಗುಡ್ಡ ಹತ್ತಲು ನನ್ನನ್ನೂ ಕರೆದಿದ್ದಾಳೆ.