ಡೆಕ್ಕಿನ ಬೋಲ್ಟು ಬದಲಿಸಿದವರಿಗೆ ಹಣ ಕೊಡುವ ಮೊದಲು ಡೆಕ್ಕಿನ ಅಡಿಗೆ ಇಳಿದು ನೋಡಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟನ್ನು ದಡಕ್ಕೆ ಏರಿಸಿ ದುರಸ್ತಿ ಮಾಡಿಸುವ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟು ಮಾಲೀಕರೆಲ್ಲರೂ ದಯವಿಟ್ಟು ಇದನ್ನು ಓದಿ. ನಮ್ಮ ಬೋಟಿನಲ್ಲಿ ಒಬ್ಬ ಕಲಾಸಿಯ (ಬೋಟಿನ ಕೆಲಸಗಾರನ) ಜೀವ ಕೂದಲೆಳೆಯಲ್ಲಿ ಉಳಿಯಿತು.

ನಮ್ಮದು ಬಲೆ ಎಳೆದು ಮೀನು ಹಿಡಿಯುವ ಫೈಬರ್ ಟ್ರಾಲ್ ಬೋಟು. ಮುಂಭಾಗದ ಡೆಕ್ಕಿನ (ಬೋಟಿನ ಮೇಲ್ಹಾಸಿನ) ಮೇಲೆ ಹಗ್ಗ ಕಟ್ಟುವ ಎಡಗಡೆಯ ಗೂಟ ಅಲುಗಾಡುತ್ತಿತ್ತು, ಅದರ ಬುಡದ ನಾಲ್ಕೂ ಬೋಲ್ಟುಗಳು ತುಕ್ಕು ತಿಂದು ಕಚ್ಚಿಕೊಂಡಿದ್ದವು. ಹಳೆಯ ಬೋಲ್ಟು ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳಲ್ಲಿ ಹೊಸ ಗೂಟ ಕೂರಿಸಬೇಕೆಂದು ಒಂದು ವರ್ಕ್‌ಶಾಪಿನೊಂದಿಗೆ ಮಾತಾಯಿತು. ಬಿಲ್ಲಿನಲ್ಲಿಯೂ ಹಾಗೆಯೇ ಬರೆದುಕೊಟ್ಟರು. ಕೆಲಸ ಮುಗಿದು, ಬಣ್ಣ ಬಳಿದು, ಆಗಸ್ಟಿನಲ್ಲಿ ಬೋಟು ನೀರಿಗಿಳಿಯಿತು.

ಹೊಸ ಬಣ್ಣದ ಮೇಲೆ ಬೋಲ್ಟಿನ ತಲೆಯಿಂದ ಚಹಾದ ಬಣ್ಣದ ಗೆರೆಯೊಂದು ಇಳಿಯತೊಡಗಿದಾಗ ಆ ವರ್ಕ್‌ಶಾಪಿನವರನ್ನು ಕರೆಸಿ ತೋರಿಸಿದೆವು. "ಅಣ್ಣಾ, ಸಮುದ್ರಕ್ಕೆ ಹೋಗುವ ಬೋಟು, ಇಷ್ಟಾದರೂ ತುಕ್ಕು ಬಾರದಿರುತ್ತದೆಯೇ?" ಎಂದು ಒರೆಸಿ ಹೋದರು. ಆಮೇಲೆ ಗಾಳಿ ಜೋರಾದ ಒಂದು ರಾತ್ರಿ, ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಬೋಟುಗಳು ಒಂದರ ಪಕ್ಕ ಒಂದು ಕಟ್ಟಿಕೊಂಡು ನಿಂತಿದ್ದಾಗ, ಹಗ್ಗದ ಒಂದೇ ಜಗ್ಗಿಗೆ ಗೂಟ ಬುಡಸಮೇತ ಕಿತ್ತು ಬಂತು. ಬಿಗಿದ ಹಗ್ಗದ ತುದಿಯಲ್ಲಿದ್ದ ಆ ಕಬ್ಬಿಣದ ತುಂಡು ಕಲಾಸಿಯ ಭುಜದ ಪಕ್ಕದಿಂದಲೇ ಹಾರಿತು. ಸ್ವಲ್ಪ ಈಚೆ ನಿಂತಿದ್ದರೆ ಅವನ ಮನೆಯವರಿಗೆ ನಾವು ಏನು ಹೇಳುತ್ತಿದ್ದೆವೋ ಗೊತ್ತಿಲ್ಲ.

ಬೆಳಗಾದ ಮೇಲೆ ಬ್ಯಾಟರಿ ಹಿಡಿದು ಡೆಕ್ಕಿನ ಅಡಿಗೆ ಇಳಿದೆವು. ನಾಲ್ಕು ಬೋಲ್ಟು ಇರಬೇಕಾದಲ್ಲಿ ಡೆಕ್ಕನ್ನು ಪೂರ್ತಿ ಹಾದು ಅಡಿಗೆ ಬಂದಿದ್ದವು ಎರಡೇ. ಉಳಿದ ಎರಡು ತೂತುಗಳಲ್ಲಿ ಹಳೆಯ ಬೋಲ್ಟಿನ ತುಂಡುಗಳು ಹಾಗೆಯೇ ಇದ್ದವು. ಒಂದರೊಳಗೆ ತೆಗೆಯಲು ಹೋಗಿ ಮುರಿದ ಡ್ರಿಲ್ ಬಿಟ್ಟಿನ ಚೂರೂ ಸಿಕ್ಕಿಕೊಂಡಿತ್ತು. ಅವುಗಳ ಮೇಲೆ ಪುಟ್ಟಿ ಮೆತ್ತಿ, ಬೋಲ್ಟಿನ ತಲೆಗಳನ್ನಷ್ಟೇ ಕತ್ತರಿಸಿ ಅಂಟಿಸಿ ಬಣ್ಣ ಹೊಡೆದಿದ್ದರು. ಇದನ್ನು ಅಜಾಗರೂಕತೆ ಎಂದು ನಾನು ಒಪ್ಪುವುದಿಲ್ಲ, ಇದು ಶುದ್ಧ ಮೋಸ.

ಹಾಳಾದದ್ದು ಅಷ್ಟೇ ಅಲ್ಲ. ನಟ್ಟು ಸಡಿಲವಾಗಲೆಂದು ಗ್ಯಾಸ್ ಕಟ್ಟರಿನ ಬೆಂಕಿ ಹಿಡಿದಿದ್ದರು. ಫೈಬರನ್ನು ಹಿಡಿದಿಡುವ ಅಂಟಾದ ರೆಸಿನ್ 100 ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗತೊಡಗುತ್ತದೆ. ತೂತಿನ ಸುತ್ತ ಅದು ಕಪ್ಪಗಾಗಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಡೆಕ್ಕಿನ ಫೈಬರ್ ಪದರಗಳ ನಡುವಿನ ಪ್ಲೈವುಡ್ ನೀರು ಕುಡಿದು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಡೀಸೆಲ್ ಟ್ಯಾಂಕ್ ಇರುವ ಬೋಟಿನಲ್ಲಿ ಬೆಂಕಿ ಹಚ್ಚುವ ಧೈರ್ಯ ಹೇಗೆ ಬಂತೋ! 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ಬೋಟುಗಳು ಸಾಲಾಗಿ ಸುಟ್ಟದ್ದು ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ?

ಆಮೇಲೆ ಕೆಲಸ ಮಾಡಿಕೊಟ್ಟ ಹಿರಿಯ ಮೇಸ್ತ್ರಿ ಬೆಂಕಿಯನ್ನು ಹತ್ತಿರವೂ ತರಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ರಾತ್ರಿಯಿಡೀ ಇಳಿಯಲು ಬಿಟ್ಟರು. ಮರುದಿನ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ, ಮೊದಲು ಕೂದಲಷ್ಟು ಬಿಗಿ ಮಾಡಿ ನಂತರ ಸಡಿಲಿಸಿದರು. ಮಣಿಯದ ನಟ್ಟನ್ನು ಅಡಿಯಿಂದಲೇ ಸೀಳಿ ತೆಗೆದರು, ಡೆಕ್ಕಿಗೆ ಗೀರೂ ಬೀಳಲಿಲ್ಲ. ಮುರಿದ ತುಂಡುಗಳನ್ನು ಕೊರೆಯುವಾಗ ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ, ಗಟ್ಟಿಯಾಗಿ ಒತ್ತಿ, ಎಣ್ಣೆ ಬಿಡುತ್ತಲೇ ಇದ್ದರು. ಸ್ಟೇನ್‌ಲೆಸ್ ಸ್ಟೀಲನ್ನು ವೇಗವಾಗಿ ಉಜ್ಜಿದರೆ ಅದು ಇನ್ನೂ ಗಡುಸಾಗಿ ಬಿಟ್ಟನ್ನೇ ತಿನ್ನುತ್ತದಂತೆ. ಕೊಳೆತ ಪ್ಲೈವುಡ್ ತೆಗೆದು, ತೂತುಗಳಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿಸಿ, ಅದು ಗಟ್ಟಿಯಾದ ಮೇಲೆ ಎಪಾಕ್ಸಿಯ ನಡುವೆ ಹೊಸ ತೂತು ಕೊರೆದರು. ಹಾಗೆ ಮಾಡಿದರೆ ಮೇಲೆ ನೀರು ತಡೆಯುವ ಸೀಲೆಂಟ್ ಬಿಟ್ಟುಕೊಂಡರೂ ನೀರು ಮರಕ್ಕೆ ತಾಗುವುದಿಲ್ಲ. ಮೊದಲಿನವರು ರೂಪಾಯಿ ನಾಣ್ಯದಷ್ಟು ವಾಷರ್ ಹಾಕಿದ್ದ ಜಾಗದಲ್ಲಿ ಹಗ್ಗದ ಜಗ್ಗು ಅಗಲಕ್ಕೆ ಹಂಚಿಹೋಗಲೆಂದು ಡೆಕ್ಕಿನ ಅಡಿಗೆ ಅಂಗೈ ಅಗಲಕ್ಕಿಂತ ದೊಡ್ಡ ಲೋಹದ ತಟ್ಟೆ ಕೂರಿಸಿದರು.

ಬೋಲ್ಟು ಕೊಳ್ಳುವಾಗ ತಲೆಯ ಮೇಲಿನ ಅಚ್ಚು ಓದಿ. ಎ4 ಎಂದಿದ್ದರೆ 316 ದರ್ಜೆಯದು, ಎ2 ಎಂದಿದ್ದರೆ 304. ಉಪ್ಪುನೀರಿಗೆ ಎ4 ಬೇಕು. ಅಯಸ್ಕಾಂತ ಅಂಟಲಿಲ್ಲ ಎಂಬ ಅಂಗಡಿಯವರ ಮಾತಿನಿಂದ ಯಾವುದು ಎಂದು ತಿಳಿಯುವುದಿಲ್ಲ, ಏಕೆಂದರೆ ಎರಡೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ ಬೋಲ್ಟಿನ ತಲೆಗಳ ಮೇಲೆ ಬಣ್ಣ ಕೆರೆದು ನೋಡಿದಾಗ ಇದ್ದದ್ದು ಎ2. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಯಂತ್ರದಿಂದ ರಭಸವಾಗಿ ತಿರುಗಿಸಲು ಬಿಡಬೇಡಿ. ಎರಡೂ ಬಿಸಿಯೇರಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಚ್ಚದಂತೆ ತಡೆಯುವ ಪೇಸ್ಟ್ ಹಚ್ಚಿ, ಕೈಯಿಂದಲೇ ಬಿಗಿಸಲಿ.

ಕತ್ತರಿಸಿ ತೆಗೆದ ಹಳೆಯ ಬೋಲ್ಟುಗಳನ್ನೆಲ್ಲ ತಂದು ಎಣಿಸಿ ಕೊಡುವಂತೆ ಕೇಳಿ. ಡೆಕ್ಕಿನ ಅಡಿಭಾಗಕ್ಕೆ ಬಣ್ಣ ಬಳಿಯುವ ಮೊದಲು ಒಂದೊಂದು ತೂತಿನ ಫೋಟೋ ತೆಗೆದಿಟ್ಟುಕೊಳ್ಳಿ. ಜುಲೈ ಕೊನೆಯ ವಾರದಲ್ಲಿ ಎಲ್ಲರಿಗೂ ಅವಸರ, ಆಗ ಯಾರೂ ನೋಡುವುದಿಲ್ಲವೆಂದು ಇಂಥ ವರ್ಕ್‌ಶಾಪಿನವರಿಗೆ ಗೊತ್ತು. ಜೂನ್ ಮೊದಲ ವಾರದಲ್ಲೇ ಈ ಕೆಲಸ ಹಿಡಿಸಿ.