ಬೆಲ್‌ಫಾಸ್ಟ್‌ನ ಮಾಜಿ ಕೈದಿಗಳ ಜೊತೆ ಮೂರು ಗಂಟೆ ನಡಿಗೆ

ಡಬ್ಲಿನ್‌ಗೆ ಮಗಳು-ಅಳಿಯನ ಮನೆಗೆ ಬಂದವರು ಬೆಲ್‌ಫಾಸ್ಟ್‌ಗೂ ಹೋಗಿ ಬರಬಹುದು. ರೈಲಿನಲ್ಲಿ ಎರಡು ಗಂಟೆ ದಾರಿ, ಗಡಿ ದಾಟಿದ್ದೇ ತಿಳಿಯುವುದಿಲ್ಲ. ಆದರೆ ಆ ಕಡೆ ಉತ್ತರ ಐರ್ಲೆಂಡ್, ಅದು ಬ್ರಿಟನ್ನಿಗೆ ಸೇರಿದ್ದು. ನಮ್ಮ ಪಾಸ್‌ಪೋರ್ಟಿನವರು ವೀಸಾದ ಮೇಲೆ ‘ಬಿಐವಿಎಸ್’ (ಒಂದೇ ವೀಸಾದಲ್ಲಿ ಐರ್ಲೆಂಡ್, ಬ್ರಿಟನ್ ಎರಡಕ್ಕೂ ಹೋಗಬಹುದಾದ ಯೋಜನೆ) ಎಂದು ನಮೂದಾಗಿದೆಯೇ ನೋಡಿಕೊಂಡೇ ಟಿಕೆಟ್ ತೆಗೆಯಿರಿ.

ಎಲ್ಲರೂ ಟೈಟಾನಿಕ್ ಮ್ಯೂಸಿಯಂ ನೋಡಲು ಹೋಗುತ್ತಾರೆ. ಅದನ್ನು ಅಳಿಯನಿಗೆ ಬಿಟ್ಟುಕೊಟ್ಟು ನಾನು ಈ ನಡಿಗೆಗೆ ಹೆಸರು ಕೊಟ್ಟೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳಿಗೆ ಮುಳುಗಿದ ಹಡಗಿಗಿಂತ ಇದೇ ರುಚಿ. ಏರ್ಪಾಡು ಹೀಗಿದೆ: ಕ್ಯಾಥೊಲಿಕರ ಫಾಲ್ಸ್ ರೋಡಿನಲ್ಲಿ ಐರ್ಲೆಂಡಿಗೆ ಸೇರಬೇಕು ಎನ್ನುವ ಕಡೆಯ ಮಾಜಿ ಕೈದಿಯೊಬ್ಬರು ಕರೆದೊಯ್ಯುತ್ತಾರೆ. ಮಧ್ಯದ ಗೋಡೆಯ ಹತ್ತಿರ ನಮ್ಮನ್ನು ಬ್ರಿಟನ್ನಿನಲ್ಲೇ ಉಳಿಯಬೇಕು ಎನ್ನುವ ಕಡೆಯ ಇನ್ನೊಬ್ಬ ಮಾಜಿ ಕೈದಿಗೆ ಒಪ್ಪಿಸುತ್ತಾರೆ. ಅವರು ಪ್ರಾಟೆಸ್ಟೆಂಟರ ಶಾಂಕಿಲ್ ರೋಡ್ ತೋರಿಸುತ್ತಾರೆ. ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡ ಜಗಳದ ಎರಡೂ ಕಡೆಯವರು ಒಂದೇ ಶುಲ್ಕದಲ್ಲಿ ಮಾತಿಗೆ ಸಿಗುತ್ತಾರೆ. ಈ ಜಗಳದ ಮೂಲ ಧರ್ಮವೋ, ಇತಿಹಾಸವೋ, ಅಧಿಕಾರವೋ ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲನೆಯವರು ದೇವರ ಮಾತೇ ಎತ್ತಲಿಲ್ಲ. ಅವರ ಕಥೆ ಶುರುವಾಗಿದ್ದು ಮನೆ ಹಂಚಿಕೆಯಿಂದ. ಅರವತ್ತರ ದಶಕದಲ್ಲಿ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬೇಕಾದರೆ ಮನೆಯ ಒಡೆಯನೋ ಬಾಡಿಗೆದಾರನೋ ಆಗಿರಬೇಕಿತ್ತು, ಇಲ್ಲವೇ ಅವರ ಹೆಂಡತಿಯೋ ಗಂಡನೋ. ಅಪ್ಪನ ಮನೆಯಲ್ಲೇ ಇರುವ ಮಗನಿಗೆ ಮತವಿಲ್ಲ. ಹಾಗಾಗಿ ಯಾರಿಗೆ ಕೌನ್ಸಿಲ್ (ಸ್ಥಳೀಯ ಆಡಳಿತದ) ಮನೆ ಕೊಡಬೇಕು ಎನ್ನುವುದೇ ಯಾರಿಗೆ ಮತದ ಹಕ್ಕು ಸಿಗಬೇಕು ಎನ್ನುವ ಲೆಕ್ಕವಾಗಿತ್ತು. ಡೆರ್ರಿ ಪಟ್ಟಣದಲ್ಲಿ ಕ್ಯಾಥೊಲಿಕರೇ ಹೆಚ್ಚು, ಆದರೆ ವಾರ್ಡುಗಳ ಗೆರೆ ಎಳೆದ ಚಾಲಾಕಿಗೆ ಅಧಿಕಾರ ಮಾತ್ರ ಎದುರು ಪಕ್ಷದ್ದು. 1969ರ ಆಗಸ್ಟಿನಲ್ಲಿ ಬೆಂಕಿ ಬಿದ್ದ ಬೀದಿಗೂ ಕರೆದೊಯ್ದರು. ಹೆಸರು ನೋಡಿ ನಿಂತೆ: ಬಾಂಬೆ ಸ್ಟ್ರೀಟ್! ಸುತ್ತಲೂ ಕಾಶ್ಮೀರ್ ರೋಡ್, ಲಕ್ನೋ ಸ್ಟ್ರೀಟ್, ಕಾನ್‌ಪುರ್ ಸ್ಟ್ರೀಟ್. ಸಾಮ್ರಾಜ್ಯ ತನ್ನ ಹೆಸರುಗಳನ್ನು ಎಲ್ಲೆಲ್ಲಿ ಅಂಟಿಸಿ ಹೋಗಿದೆ ನೋಡಿ.

ಗೋಡೆ ಮೂರು ಅಂತಸ್ತಿನದು. ಕೆಳಗೆ ಕಾಂಕ್ರೀಟು, ಮೇಲೆ ತಗಡು, ಅದರ ಮೇಲೆ ಜಾಲರಿ. 1969ರಲ್ಲಿ ತಾತ್ಕಾಲಿಕ ಎಂದು ಹಾಕಿದ ಬೇಲಿ ಬೆಳೆದು ಹೀಗಾಗಿದೆ. ಇಂಥ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆ ಎಂದು ಸರ್ಕಾರ 2013ರಲ್ಲಿ ಹೇಳಿತ್ತು. ಈಗ ಪ್ರವಾಸಿಗರು ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚುತ್ತಾರೆ, ನಮ್ಮ ಕೋಟೆಗಳ ಮೇಲೆ ಗೀಚುವ ಹಾಗೆಯೇ.

ಎರಡನೆಯವರದು 1690. ಪ್ರಾಟೆಸ್ಟೆಂಟ್ ದೊರೆ ವಿಲಿಯಂ ಬಾಯ್ನ್ ನದಿಯ ಬಳಿ ಕ್ಯಾಥೊಲಿಕ್ ದೊರೆ ಜೇಮ್ಸ್‌ನನ್ನು ಸೋಲಿಸಿದ ವರ್ಷ. ಕುದುರೆ ಏರಿದ ವಿಲಿಯಂ ಅಲ್ಲಿನ ಗೋಡೆಗಳ ಮೇಲಿದ್ದಾನೆ. ಆಮೇಲೆ 1916. ಮೊದಲನೆಯವರೂ 1916 ಅಂದಿದ್ದರಲ್ಲ! ಅವರದು ಬ್ರಿಟಿಷರ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ ಈಸ್ಟರ್ ದಂಗೆ. ಇವರದು ಜುಲೈ 1ರಂದು ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಬ್ರಿಟನ್ ಪರವಾಗಿ ಸತ್ತ ಅಲ್ಸ್ಟರ್ (ಐರ್ಲೆಂಡಿನ ಉತ್ತರದ ಪ್ರಾಂತ್ಯ) ಹುಡುಗರು. ಒಂದೇ ವರ್ಷ, ಎರಡು ಮಾಲಾರ್ಪಣೆ.

ಇಲ್ಲಿಗೇ ನನ್ನ ತಕರಾರು. ಶಾಂಕಿಲ್ಲಿನ ಮೀನಿನ ಅಂಗಡಿಯಲ್ಲಿ 1993ರಲ್ಲಿ ಐರಿಷ್ ಕಡೆಯ ಸಶಸ್ತ್ರ ಗುಂಪಾದ ಐಆರ್‌ಎ ಇಟ್ಟ ಬಾಂಬಿಗೆ ಒಂಬತ್ತು ಜನ ಅಮಾಯಕರು ಸತ್ತರು. ಮೊದಲನೆಯವರು ಅದರ ಸೊಲ್ಲೆತ್ತಲಿಲ್ಲ. ಇದೇ ಬೀದಿಗಳಲ್ಲಿ 1966ರಲ್ಲೇ ಬ್ರಿಟಿಷ್ ಕಡೆಯ ಸಶಸ್ತ್ರ ಗುಂಪಾದ ಯುವಿಎಫ್ ಕ್ಯಾಥೊಲಿಕ್ ಹುಡುಗನೊಬ್ಬನನ್ನು ಕೊಂದಿತ್ತು. ಎರಡನೆಯವರು ಅದನ್ನು ದಾಟಿ ಮುಂದೆ ಹೋದರು. ಪಾದ್ರಿಗಳ ಮಾತಂತೂ ಇಬ್ಬರಿಗೂ ಬೇಡ. ಪೋಪನನ್ನು ಯುರೋಪಿಯನ್ ಪಾರ್ಲಿಮೆಂಟಿನಲ್ಲೇ ‘ಕ್ರಿಸ್ತವಿರೋಧಿ’ ಎಂದು ಕೂಗಿದ ಪ್ರಾಟೆಸ್ಟೆಂಟ್ ನಾಯಕ ಪೇಯ್ಸ್ಲಿ ಪಾದ್ರಿಯೇ. ಗುಟ್ಟಾಗಿ ಸಂಧಾನಕ್ಕೆ ದಾರಿ ಮಾಡಿದ ಕ್ಯಾಥೊಲಿಕ್ ಅಲೆಕ್ ರೀಡ್ ಕೂಡ ಪಾದ್ರಿಯೇ, ಅವರಿದ್ದ ಕ್ಲೋನಾರ್ಡ್ ಮಠ ಬಾಂಬೆ ಸ್ಟ್ರೀಟಿಗೆ ಅಂಟಿಕೊಂಡೇ ಇದೆ. ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದು ಜಾರಿಕೊಳ್ಳುವ ಮಾತು.

ಆದರೂ ಧರ್ಮವೇ ಮೂಲವಾಗಿದ್ದರೆ, ಬೈಬಲ್ಲಿನ ಒಂದು ಸಾಲೂ ಬದಲಾಗದೆ 1998ರಲ್ಲಿ ಶಾಂತಿ ಒಪ್ಪಂದ ಹೇಗಾಯಿತು? ಇತಿಹಾಸವೇ ಮೂಲ ಎನ್ನುವುದಾದರೆ 1690ರಿಂದ ಇವತ್ತಿನವರೆಗೂ ಗುಂಡು ಹಾರುತ್ತಲೇ ಇರಬೇಕಿತ್ತು. ಒಪ್ಪಂದದಲ್ಲಿ ಬದಲಾಗಿದ್ದು ಅಧಿಕಾರದ ಪಾಲು, ಪೊಲೀಸ್ ವ್ಯವಸ್ಥೆ, ಕೈದಿಗಳ ಬಿಡುಗಡೆ. ಮನೆ, ಮತ, ಲಾಠಿ ಇವು ಯಾರ ಕೈಲಿವೆ ಎನ್ನುವುದೇ ಬೆಂಕಿ ಎಂದು ನನಗನ್ನಿಸಿತು. ಯಾವ ಮನೆಗೆ ಹಚ್ಚಬೇಕು ಎಂದು ತೋರಿಸಿಕೊಟ್ಟಿದ್ದು ಧರ್ಮ. ಹಚ್ಚಿದ ಮೇಲೆ ಸಮರ್ಥನೆಗೆ ಇಸವಿಗಳನ್ನು ಒದಗಿಸಿದ್ದು ಇತಿಹಾಸ.

ಐದಕ್ಕೆ ನಾಲ್ಕು ಕೊಡುತ್ತೇನೆ. ಗಂಡನನ್ನೋ ಮಗಳನ್ನೋ ಕಳೆದುಕೊಂಡವರ ದನಿ ಇದರಲ್ಲಿ ಇಲ್ಲ, ಅದಕ್ಕೇ ಒಂದು ಕಡಿತ. ಬೆಲ್‌ಫಾಸ್ಟಿನವರ ಉಚ್ಚಾರಣೆ ಕಿವಿಗೆ ಹತ್ತಲು ಹೊತ್ತು ಬೇಕು, ಮುಂದಿನ ಸಾಲಿನಲ್ಲೇ ನಡೆಯಿರಿ. ಗೋಡೆಯ ಕೆಲವು ಗೇಟುಗಳನ್ನು ಸಂಜೆಗೆ ಮುಚ್ಚುತ್ತಾರೆ, ಬೆಳಗಿನ ಹೊತ್ತೇ ಒಳ್ಳೆಯದು. ಮಂಡಿನೋವಿನವರು ಕಪ್ಪು ಟ್ಯಾಕ್ಸಿಯಲ್ಲೇ ಈ ಬೀದಿಗಳನ್ನು ಸುತ್ತಬಹುದು. ಅಲ್ಲಿ ಚಾಲಕ ಒಬ್ಬನೇ ಆದ್ದರಿಂದ ಕಥೆಯೂ ಒಂದೇ ಸಿಗುತ್ತದೆ.